ಗಣಕದ ಕವಡೆ: ಬಿದ್ದದ್ದೆಲ್ಲ ಅದೃಷ್ಟವಲ್ಲ

ಚಿತ್ರದುರ್ಗ: ಪ್ರೋಗ್ರಾಮಿಂಗ್ ಕಲಿಯಲಾರಂಭಿಸಿದ ವಿದ್ಯಾರ್ಥಿಯೊಬ್ಬ ನಿಧಿ ಹುಡುಕುವ ಪುಟ್ಟ ಆಟವೊಂದನ್ನು ರಚಿಸಿದನೆಂದು ಭಾವಿಸೋಣ. ಚಿತ್ರದುರ್ಗಕ್ಕೆ 0, ಹಿರಿಯೂರಿಗೆ 1, ಹೊಸದುರ್ಗಕ್ಕೆ 2, ಹೊಳಲ್ಕೆರೆಗೆ 3 ಎಂಬ ಸಂಖ್ಯೆ. ಪ್ರತಿ ಸುತ್ತಿನಲ್ಲೂ ಗಣಕವು ಒಂದು ಸಂಖ್ಯೆಯನ್ನು ಆರಿಸಿ, ನಿಧಿಯನ್ನು ಆ ಊರಿನಲ್ಲಿ ಅಡಗಿಸುತ್ತದೆ. ಆದರೆ ಕೆಲವೇ ಸುತ್ತುಗಳಲ್ಲಿ ಗುಟ್ಟು ರಟ್ಟಾಗುತ್ತದೆ. ಚಿತ್ರದುರ್ಗದ ನಂತರ ಹೊಳಲ್ಕೆರೆ, ಬಳಿಕ ಹೊಸದುರ್ಗ, ಕೊನೆಗೆ ಹಿರಿಯೂರು. ಮತ್ತೆ ಅದೇ ಸರದಿ.

ಇದು ಗಣಕದ ದೋಷವಲ್ಲ. ಸಾಮಾನ್ಯ ಪ್ರೋಗ್ರಾಂ ಸೂತ್ರವೊಂದರ ಮೂಲಕವೇ ‘ಯಾದೃಚ್ಛಿಕ’ ಸಂಖ್ಯೆಗಳನ್ನು ಉತ್ಪಾದಿಸುತ್ತದೆ. ಅಮೆರಿಕದ ಗಣಿತಜ್ಞ ಡಿ.ಎಚ್. ಲೆಹ್ಮರ್ 1949ರಲ್ಲಿ ಮುಂದಿಟ್ಟ ವಿಧಾನವೇ ಇಂತಹ ಹಲವು ಸೂತ್ರಗಳಿಗೆ ಮೂಲ: ಹಿಂದಿನ ಸಂಖ್ಯೆಯನ್ನು ಗುಣಿಸಿ, ಭಾಗಿಸಿ, ಶೇಷವನ್ನು ಉಳಿಸಿಕೊಳ್ಳುವುದು. ನಂತರ ಬಂದ ರೂಪಗಳಲ್ಲಿ ಗುಣಿಸಿದ ಮೇಲೆ ಒಂದು ಸಂಖ್ಯೆಯನ್ನು ಕೂಡುವುದೂ ಸೇರಿತು.

ಕಾಗದದ ಮೇಲೆಯೇ ಪರೀಕ್ಷಿಸಬಹುದು. 5ರಿಂದ ಗುಣಿಸಿ, 3 ಕೂಡಿ, 16ರಿಂದ ಭಾಗಿಸಿದ ಶೇಷವನ್ನು ತೆಗೆದುಕೊಳ್ಳಿ. 0ಯಿಂದ ಹೊರಟರೆ 3, 2, 13, 4, 7, 6, 1, 8, 11 ಎಂದು ಸಾಗುತ್ತದೆ. ನೋಟಕ್ಕೆ ಗೊಂದಲಮಯವೇ. ಆದರೆ ನಾಲ್ಕು ಊರುಗಳಿಗಾಗಿ ಇವನ್ನು 4ರಿಂದ ಭಾಗಿಸಿದರೆ ಶೇಷಗಳು 0, 3, 2, 1, 0, 3, 2, 1 ಎಂದೇ ಬರುತ್ತವೆ. 16ರ ಬದಲು 2ರ ಯಾವುದೇ ದೊಡ್ಡ ಘಾತವನ್ನು ಬಳಸಿದರೂ ಕೆಳಗಿನ ಎರಡು ಬಿಟ್‌ಗಳು ಹೆಚ್ಚೆಂದರೆ ನಾಲ್ಕು ಹೆಜ್ಜೆಗೊಮ್ಮೆ ಮರುಕಳಿಸಲೇಬೇಕು. ಹಳೆಯ ಕೆಲವು ತಂತ್ರಾಂಶಗಳಲ್ಲಿ ಈ ದೌರ್ಬಲ್ಯವಿತ್ತು. ಮೇಲಿನ ಬಿಟ್‌ಗಳನ್ನು ಬಳಸುವುದು ಒಂದು ಪರಿಹಾರ. 1997ರಲ್ಲಿ ಜಪಾನಿನ ಮಾಕೊತೊ ಮತ್ಸುಮೊತೊ ಮತ್ತು ತಾಕುಜಿ ನಿಶಿಮುರ ರೂಪಿಸಿದ ‘ಮರ್ಸೆನ್ ಟ್ವಿಸ್ಟರ್’ ಇನ್ನೂ ಉತ್ತಮ ಮಾರ್ಗ. ಪೈಥಾನ್ ಭಾಷೆಯ ರ‍್ಯಾಂಡಮ್ ಮಾಡ್ಯೂಲ್ ಇದನ್ನೇ ಬಳಸುತ್ತದೆ.

ಬೀಜ ಬಿತ್ತುವುದು ಒಮ್ಮೆ ಮಾತ್ರ

ಲೆಕ್ಕ ಎಲ್ಲಿಂದ ಆರಂಭವಾಗುತ್ತದೋ ಆ ಸಂಖ್ಯೆಗೆ ‘ಬೀಜ’ ಎಂದು ಹೆಸರು. ಬೀಜ ಅದೇ ಆದರೆ ಬೆಳೆಯೂ ಅದೇ. ಆದ್ದರಿಂದ ಗಡಿಯಾರದ ಸಮಯವನ್ನು ಬೀಜವಾಗಿ ಕೊಡುವುದು ರೂಢಿ. ಹೊಸಬರು ಇಲ್ಲಿಯೂ ಎಡವುತ್ತಾರೆ: ಆಟದ ಆರಂಭದಲ್ಲಿ ಒಮ್ಮೆ ಬಿತ್ತುವ ಬದಲು ಪ್ರತಿ ಎಸೆತಕ್ಕೂ ಬಿತ್ತುತ್ತಾರೆ. ಸಮಯವನ್ನು ಸೆಕೆಂಡುಗಳಲ್ಲಿ ಅಳೆದರೆ, ಒಂದೇ ಸೆಕೆಂಡಿನಲ್ಲಿ ನಡೆದ ಎಸೆತಗಳೆಲ್ಲ ಒಂದೇ ಫಲ ಕೊಡುತ್ತವೆ.

ಚಳ್ಳಕೆರೆ, ಮೊಳಕಾಲ್ಮೂರುಗಳನ್ನೂ ಸೇರಿಸಿ ಜಿಲ್ಲೆಯ ಆರೂ ತಾಲ್ಲೂಕುಗಳಿಗೆ ಆಟವನ್ನು ವಿಸ್ತರಿಸಿದರೆ ಇನ್ನೊಂದು ಸೂಕ್ಷ್ಮ ತಲೆದೋರುತ್ತದೆ. ಸಿ ಭಾಷೆಯ ಕೆಲವು ಕಂಪೈಲರ್‌ಗಳು 0ಯಿಂದ 32,767ರವರೆಗಿನ 32,768 ಸಂಖ್ಯೆಗಳನ್ನಷ್ಟೇ ಕೊಡುತ್ತವೆ. ಇದು 6ರಿಂದ ನಿಶ್ಶೇಷವಾಗಿ ಭಾಗವಾಗದು. ಹೀಗಾಗಿ ಎರಡು ತಾಲ್ಲೂಕುಗಳಿಗೆ 5,462, ಉಳಿದ ನಾಲ್ಕಕ್ಕೆ 5,461 ಅವಕಾಶಗಳು. ಆಟಕ್ಕೆ ಇದು ನಗಣ್ಯ. ಆದರೆ ಆಯ್ಕೆಗಳ ಸಂಖ್ಯೆ ಸಾವಿರಗಳಿಗೆ ಏರಿದಂತೆ ಪಕ್ಷಪಾತವೂ ಬೆಳೆಯುತ್ತದೆ. ಹೆಚ್ಚುವರಿ ಎರಡು ಸಂಖ್ಯೆಗಳು ಬಂದಾಗ ಅವನ್ನು ಬಿಟ್ಟು ಮತ್ತೊಮ್ಮೆ ಎಸೆಯುವುದು ಸರಿಯಾದ ಕ್ರಮ.

ಚೌಕಾಬಾರದ ಪಾಠ

ನಮ್ಮ ಮನೆಯಂಗಳದ ಚೌಕಾಬಾರವನ್ನು ಗಣಕಕ್ಕೆ ತರುವವರು ಮತ್ತೊಂದು ಎಚ್ಚರ ವಹಿಸಬೇಕು. ನಾಲ್ಕು ಕವಡೆ ಎಸೆದಾಗ ಬರುವ ಫಲಗಳು ಐದು: 1, 2, 3, ಚೌಕ ಎಂದರೆ 4, ಬಾರ ಎಂದರೆ 8. ಐದರಲ್ಲಿ ಒಂದನ್ನು ನೇರವಾಗಿ ಆರಿಸುವಂತೆ ಪ್ರೋಗ್ರಾಂ ಬರೆದರೆ ಆಟವೇ ಕೆಡುತ್ತದೆ. ಪ್ರತಿ ಕವಡೆಯ ಎರಡೂ ಮಗ್ಗುಲಿಗೆ ಸಮಾನ ಅವಕಾಶವಿದೆ ಎಂದು ಇಟ್ಟುಕೊಂಡರೆ ಒಟ್ಟು 16 ಸಾಧ್ಯತೆಗಳಲ್ಲಿ 1 ಮತ್ತು 3 ತಲಾ ನಾಲ್ಕು ಬಾರಿ, 2 ಆರು ಬಾರಿ, ಚೌಕ ಹಾಗೂ ಬಾರ ಒಂದೊಂದೇ ಬಾರಿ ಬರುತ್ತವೆ. 80 ಎಸೆತಗಳಲ್ಲಿ ಸರಾಸರಿ 5 ಸಲ ಬೀಳಬೇಕಾದ ಚೌಕ, ತಪ್ಪು ಪ್ರೋಗ್ರಾಮಿನಲ್ಲಿ 16 ಸಲ ಬೀಳುತ್ತದೆ. ಚೌಕ, ಬಾರ ಬಿದ್ದವರಿಗೆ ಮತ್ತೊಂದು ಎಸೆತ ಸಿಗುವುದರಿಂದ ಅಂತರ ಇನ್ನಷ್ಟು ಹಿಗ್ಗುತ್ತದೆ. ನಾಲ್ಕು ಕವಡೆಗಳನ್ನೂ ಪ್ರತ್ಯೇಕವಾಗಿ ಎಸೆದು ಎಣಿಸುವುದೇ ಸರಿಯಾದ ದಾರಿ.

ಹಣ ಸೇರಿಕೊಂಡರೆ ಇದು ಬರೀ ಆಟವಾಗಿ ಉಳಿಯದು. 1999ರಲ್ಲಿ ಅಂತರಜಾಲದ ಪೋಕರ್ ತಂತ್ರಾಂಶವೊಂದು ಮಧ್ಯರಾತ್ರಿಯಿಂದ ಕಳೆದ ಮಿಲಿಸೆಕೆಂಡುಗಳನ್ನು ಬೀಜವಾಗಿ ಬಳಸುತ್ತಿದ್ದುದನ್ನು ತಜ್ಞರು ಪತ್ತೆಹಚ್ಚಿದರು. 52 ಎಲೆಗಳ ಜೋಡಣೆಗಳ ಸಂಖ್ಯೆಗೆ 68 ಅಂಕಿಗಳಿದ್ದರೂ ಆ ಬೀಜದಿಂದ ಸಾಧ್ಯವಾಗುತ್ತಿದ್ದುದು 8 ಕೋಟಿ 64 ಲಕ್ಷ ಜೋಡಣೆಗಳು ಮಾತ್ರ. ಕೆಲವೇ ಎಲೆಗಳನ್ನು ಕಂಡು ಎದುರಾಳಿಗಳ ಕೈಯನ್ನೆಲ್ಲ ಓದಿಬಿಡಬಹುದೆಂದು ಅವರು ತೋರಿಸಿಕೊಟ್ಟರು. ಮರ್ಸೆನ್ ಟ್ವಿಸ್ಟರ್ ಕೂಡ ಇಂತಹ ಕಡೆ ಸುರಕ್ಷಿತವಲ್ಲ. ಗುಟ್ಟು ಕಾಯಬೇಕಾದಲ್ಲಿ ಕಾರ್ಯಾಚರಣ ವ್ಯವಸ್ಥೆಯು ಒದಗಿಸುವ ಸುರಕ್ಷಿತ ಸಂಖ್ಯೆಗಳನ್ನೇ ಬಳಸಬೇಕು.

ಆಟ ಸಿದ್ಧವಾದ ಮೇಲೆ ಸಾವಿರಾರು ಬಾರಿ ಎಸೆದು ಎಣಿಸಿ ನೋಡುವುದು ಒಳ್ಳೆಯ ಪದ್ಧತಿ. ಆದರೆ ಎಣಿಕೆಯೊಂದೇ ಸಾಲದು. ಮೊದಲು ಹೇಳಿದ ಆಟದಲ್ಲಿಯೂ ನಾಲ್ಕು ಊರುಗಳ ಪಾಲು ಕರಾರುವಾಕ್ಕಾಗಿ ಸಮವೇ ಇತ್ತು. ಎಷ್ಟು ಬಾರಿ ಬಂತು ಎಂಬುದರ ಜೊತೆಗೆ, ಯಾವುದರ ಹಿಂದೆ ಯಾವುದು ಬಂತು ಎಂಬುದನ್ನೂ ಪರಿಶೀಲಿಸಬೇಕು.