ಹಳೆಯ ನೌಕೆಗೆ ಹೊಸ ನಾವಿಕರು. ಲೆಕ್ಕ ಕೇಳಿದ ಅಭಿಮಾನಿಗಳು

2009ರ ಏಪ್ರಿಲ್ 6ರ ರಾತ್ರಿ. ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದ ಚಿತ್ರಮಂದಿರವೊಂದರಲ್ಲಿ ‘ಸ್ಟಾರ್ ಟ್ರೆಕ್’ ಅಭಿಮಾನಿಗಳು ಸೇರಿದ್ದರು. ಅಂದು ತೋರಿಸುವುದಾಗಿ ಹೇಳಿದ್ದು 1982ರ ಹಳೆಯ ಚಿತ್ರ ‘ದ ರಾತ್ ಆಫ್ ಖಾನ್’. ಅದು ಆರಂಭವಾಗಿ ಕೆಲವೇ ನಿಮಿಷಗಳಲ್ಲಿ ಫಿಲ್ಮ್ ಸುಟ್ಟಂತೆ ಕಂಡು ಪ್ರದರ್ಶನ ನಿಂತಿತು. ಆಗ ಎದುರಿಗೆ ಬಂದು ನಿಂತವರು, ನಾಲ್ಕು ದಶಕಗಳಿಂದ ‘ಸ್ಪಾಕ್’ ಎಂದೇ ಮನೆಮಾತಾಗಿದ್ದ ನಟ ಲಿಯೊನಾರ್ಡ್ ನಿಮೊಯ್! ಹಳೆಯದರ ಬದಲು ಹೊಸ ಚಿತ್ರವನ್ನೇ ನೋಡಬಾರದೇಕೆ ಎಂದು ಅವರು ಕೇಳಿದಾಗ ಸಭಿಕರ ಸಂಭ್ರಮಕ್ಕೆ ಪಾರವೇ ಇರಲಿಲ್ಲ. ಸಿಡ್ನಿಯಲ್ಲಿ ನಡೆಯಲಿದ್ದ ಅಧಿಕೃತ ಪ್ರಥಮ ಪ್ರದರ್ಶನಕ್ಕಿಂತ ಮೊದಲೇ ಹೊಸ ‘ಸ್ಟಾರ್ ಟ್ರೆಕ್’ ಅವರ ಕಣ್ಣಿಗೆ ಬಿತ್ತು.

ಆದರೆ ಎಲ್ಲ ಅಭಿಮಾನಿಗಳೂ ಇಷ್ಟು ಸುಲಭವಾಗಿ ಒಲಿಯಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಚಿತ್ರ ಎಲ್ಲೆಡೆ ತೆರೆ ಕಂಡಾಗ ಕೆಲವರು ಕುಣಿದಾಡಿದರು, ಕೆಲವರು ಮುನಿದರು. ಇನ್ನು ಕೆಲವರು ಚಿತ್ರದೊಳಗಿನ ವಿಜ್ಞಾನವನ್ನೇ ಒರೆಗೆ ಹಚ್ಚಿದರು. ಸಿನಿಮಾ ಒಂದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದೇ ಎಂದು ಹಿರಿಯರಿಗೆ ಅನ್ನಿಸಬಹುದು. ಆದರೆ ಈ ಜಗಳದ ಬುಡದಲ್ಲಿ ಒಂದು ಗಂಭೀರ ಪ್ರಶ್ನೆಯಿತ್ತು. ಒಂದು ಕಥೆ ಯಾರದು? ಹಣ ಹಾಕಿ ತೆಗೆದವರದೋ, ಅದನ್ನು ನೋಡುತ್ತ ಬೆಳೆದವರದೋ?

ಪತ್ರ ಬರೆದು ಉಳಿಸಿಕೊಂಡದ್ದು

ಜೀನ್ ರಾಡೆನ್‌ಬೆರಿ ಎಂಬುವರ ಕಲ್ಪನೆಯ ಕೂಸಾದ ‘ಸ್ಟಾರ್ ಟ್ರೆಕ್’ ಟಿ.ವಿ. ಧಾರಾವಾಹಿ ಅಮೆರಿಕದಲ್ಲಿ ಆರಂಭವಾದದ್ದು 1966ರ ಸೆಪ್ಟೆಂಬರ್ 8ರಂದು. ‘ಎಂಟರ್‌ಪ್ರೈಸ್’ ಎಂಬ ಗಗನನೌಕೆ, ಅದರ ಕ್ಯಾಪ್ಟನ್ ಕಿರ್ಕ್, ತರ್ಕವನ್ನೇ ಉಸಿರಾಗಿಸಿಕೊಂಡ, ಚೂಪು ಕಿವಿಯ ಸ್ಪಾಕ್, ಅವರ ಜೊತೆಗೆ ಕರಿಯರು, ಏಷ್ಯಾದವರು, ರಷ್ಯನ್ನರು. ಹೊಸ ಲೋಕಗಳನ್ನು ಗೆಲ್ಲುವುದಲ್ಲ, ಅರಿಯುವುದು ಇವರ ಕೆಲಸ. ನಮ್ಮ ದೂರದರ್ಶನದಲ್ಲೂ 1980ರ ದಶಕದಲ್ಲಿ ಭಾನುವಾರದ ಬೆಳಿಗ್ಗೆ ಇದು ಪ್ರಸಾರವಾಗುತ್ತಿತ್ತು. ಇಂದಿನ ತಂದೆ ತಾಯಿಯರಲ್ಲಿ ಕೆಲವರಿಗಾದರೂ ಆ ಕಿವಿ ನೆನಪಿರಬಹುದು.

ಎರಡನೆಯ ವರ್ಷಕ್ಕೇ ಧಾರಾವಾಹಿ ನಿಲ್ಲುವ ಸುದ್ದಿ ಹರಡಿತು. ಅಭಿಮಾನಿಗಳು ಎನ್‌ಬಿಸಿ ಸಂಸ್ಥೆಗೆ ಒಂದು ಲಕ್ಷಕ್ಕೂ ಹೆಚ್ಚು ಪತ್ರ ಬರೆದರು. ಕ್ಯಾಲ್‌ಟೆಕ್ ವಿದ್ಯಾರ್ಥಿಗಳು ಮೆರವಣಿಗೆಯನ್ನೇ ಹೊರಟರು. ಕೊನೆಗೆ 1968ರ ಮಾರ್ಚ್ 1ರಂದು, ಧಾರಾವಾಹಿ ಮುಂದುವರಿಯುತ್ತದೆ ಎಂದು ಟಿ.ವಿ.ಯಲ್ಲೇ ಪ್ರಕಟಿಸಬೇಕಾಯಿತು. ಮರುವರ್ಷ ಅದು ನಿಂತರೂ ಒಟ್ಟು 79 ಕಂತುಗಳು ಮರುಪ್ರಸಾರವಾಗುತ್ತ ಹೊಸ ಅಭಿಮಾನಿಗಳನ್ನು ಗಳಿಸುತ್ತಲೇ ಹೋದವು. 1976ರಲ್ಲಿ ನಾಸಾ ತನ್ನ ಮೊದಲ ಸ್ಪೇಸ್ ಶಟಲ್‌ಗೆ ‘ಕಾನ್‌ಸ್ಟಿಟ್ಯೂಷನ್’ ಎಂದು ಹೆಸರಿಡಲು ಹೊರಟಾಗ ಮತ್ತೆ ಪತ್ರಗಳ ಮಳೆ! ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅದನ್ನು ‘ಎಂಟರ್‌ಪ್ರೈಸ್’ ಎಂದು ಬದಲಾಯಿಸಿದರು.

ಹೀಗೆ ಕಾಪಾಡಿಕೊಂಡು ಬಂದವರಿಗೆ ‘ಇದು ನಮ್ಮದು’ ಎನ್ನಿಸಿದ್ದರೆ ಆಶ್ಚರ್ಯವೇನು?

ಕಾಲವನ್ನೇ ತಿರುಗಿಸಿದ ಉಪಾಯ

2002ರ ಹೊತ್ತಿಗೆ ಈ ಸರಣಿಯ ಹತ್ತನೆಯ ಚಲನಚಿತ್ರ ಸೋತಿತು. 2005ರಲ್ಲಿ ಆಗ ಬರುತ್ತಿದ್ದ ಟಿ.ವಿ. ಧಾರಾವಾಹಿಯೂ ನಿಂತಿತು. ಆಗ ನಿರ್ಮಾಪಕರು ಕೈಹಾಕಿದ್ದು ‘ರೀಬೂಟ್’ ಎಂಬ ಉಪಾಯಕ್ಕೆ. ಕಂಪ್ಯೂಟರ್ ತೊಡರಿಕೊಂಡಾಗ ಆರಿಸಿ ಮತ್ತೆ ಚಾಲೂ ಮಾಡುತ್ತೇವಲ್ಲ, ಹಾಗೆ ಕಥೆಯನ್ನು ಹೊಸ ನಟರೊಂದಿಗೆ ಮೊದಲಿಂದ ಶುರು ಮಾಡುವುದು. ನಿರ್ದೇಶಕ ಜೆ.ಜೆ. ಏಬ್ರಮ್ಸ್ ಅವರು ತಾವು ಚಿಕ್ಕಂದಿನಲ್ಲಿ ‘ಸ್ಟಾರ್ ಟ್ರೆಕ್’ ಅಭಿಮಾನಿಯಾಗಿರಲಿಲ್ಲ ಎಂದು ಒಪ್ಪಿಕೊಂಡರು. ಹಳಬರ ಅನುಮಾನಕ್ಕೆ ಅಷ್ಟೇ ಸಾಕಾಯಿತು.

ಕಥೆ ಹೆಣೆದವರು ಮಾತ್ರ ಜಾಣರು. 2387ರಿಂದ ಕಾಲದಲ್ಲಿ ಹಿಂದಕ್ಕೆ ಬಂದ ನೀರೋ ಎಂಬ ಖಳನ ದಾಳಿಯಲ್ಲಿ 2233ರಲ್ಲೇ ಕಿರ್ಕ್‌ನ ತಂದೆ ಸಾಯುತ್ತಾನೆ. ಅಲ್ಲಿಂದ ಇತಿಹಾಸ ಬೇರೊಂದು ದಾರಿ ಹಿಡಿಯುತ್ತದೆ. ಹಳೆಯ ದಾರಿಯೂ ಇದ್ದೇ ಇದೆ. ಅದಕ್ಕೆ ಸಾಕ್ಷಿಯಾಗಿ ಮುದಿ ಸ್ಪಾಕ್‌ನ ಪಾತ್ರದಲ್ಲಿ ನಿಮೊಯ್ ಅವರೇ ಬರುತ್ತಾರೆ. ಹಳೆಯ ಕಥೆಗಳಲ್ಲಿ ಒಂದೂ ಅಳಿಯಲಿಲ್ಲ ಎಂದು ಒಂದು ಗುಂಪಿನ ಅಭಿಮಾನಿಗಳು ನಿಟ್ಟುಸಿರಿಟ್ಟರು. ಇದೆಲ್ಲ ನೆಪ ಎಂದು ಇನ್ನೊಂದು ಗುಂಪು ದೂರಿತು. ಸ್ಪಾಕ್‌ನ ತವರು ಗ್ರಹವಾದ ವಲ್ಕನ್ ಅನ್ನೇ ನಾಶ ಮಾಡಿದ್ದು ಹಲವರಿಗೆ ಮನೆಯಲ್ಲಿ ಸಾವಾದಷ್ಟೇ ನೋವು ತಂದಿತು. ಹೊಸ ಚಿತ್ರ ಸ್ವಾರಸ್ಯಕರವಾಗಿದೆ ಎಂಬುದೇ ಅಭಿಮಾನಿಗಳ ದೂರು ಎಂದು ಅಮೆರಿಕದ ವಿಡಂಬನಾ ಪತ್ರಿಕೆ ‘ದಿ ಆನಿಯನ್’ ತಮಾಷೆ ಮಾಡಿತು!

ಗೋಲಿ ಗಾತ್ರದ ಭೂಮಿ

ಅಭಿಮಾನಿಗಳ ತಕರಾರುಗಳಲ್ಲಿ ಕೆಲವು ಚಿಕ್ಕವು. ನೌಕೆಯ ಎಂಜಿನ್ ಕೋಣೆಯ ದೃಶ್ಯಗಳನ್ನು ಬಿಯರ್ ಕಾರ್ಖಾನೆಯಲ್ಲಿ ಚಿತ್ರೀಕರಿಸಿದ್ದೇಕೆ? ಅಷ್ಟು ದೊಡ್ಡ ನೌಕೆಯನ್ನು ಆಕಾಶದಲ್ಲಿ ಜೋಡಿಸುವ ಬದಲು ನೆಲದ ಮೇಲೆ ಕಟ್ಟಿದ್ದೇಕೆ?

ಕೆಲವು ತಕರಾರುಗಳು ಮಾತ್ರ ಯಾವ ತರಗತಿಗಾದರೂ ಒಪ್ಪುವಂಥವು. ಒಂದು ನಕ್ಷತ್ರ ಸಿಡಿದು ಇಡೀ ಗೆಲಕ್ಸಿಗೇ ಅಪಾಯ ಒದಗಿತು ಎಂದು ಚಿತ್ರದಲ್ಲಿ ಹೇಳಲಾಗುತ್ತದೆ. ನಮ್ಮ ಗೆಲಕ್ಸಿಯ ಅಡ್ಡಗಲ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ. ಸೂರ್ಯನಿಗೆ ಅತಿ ಸಮೀಪದ ನಕ್ಷತ್ರಕ್ಕೆ ಬೆಳಕು ಹೋಗಲೇ 4.2 ವರ್ಷ ಬೇಕು. 1054ರಲ್ಲಿ ವೃಷಭ ರಾಶಿಯಲ್ಲಿ ಸಿಡಿದು ಕಂಡ ಸೂಪರ್‌ನೋವಾ ಹಗಲಿನಲ್ಲೂ ಕಾಣುವಷ್ಟು ಬೆಳಗಿತು. ಭೂಮಿಗೆ ಏನೂ ಆಗಲಿಲ್ಲ. ಇನ್ನು ಒಂದು ತೊಟ್ಟು ‘ಕೆಂಪು ದ್ರವ್ಯ’ದಿಂದ ಗ್ರಹವೊಂದು ಕಪ್ಪು ಕುಳಿಯಾಗುವ ಮಾತು. ಭೂಮಿ ಕಪ್ಪು ಕುಳಿಯಾಗಬೇಕಾದರೆ ಅದರ ಇಡೀ ದ್ರವ್ಯವನ್ನು, ಮಕ್ಕಳು ಆಡುವ ಒಂದು ಗೋಲಿಯ ಗಾತ್ರಕ್ಕೆ ಒತ್ತಬೇಕು. ಹಾಗೆ ಒತ್ತುವ ಬಲ ಎಲ್ಲಿಂದ ಬಂತು? ಚಿತ್ರದಲ್ಲಿ ಉತ್ತರವಿಲ್ಲ.

ಆದರೆ ಮೆಚ್ಚಬೇಕಾದಲ್ಲಿ ಮೆಚ್ಚುಗೆಯೂ ಸಲ್ಲಬೇಕು. ಆರಂಭದ ದೃಶ್ಯದಲ್ಲಿ ನೌಕೆಯ ಗೋಡೆ ಒಡೆದು ಸಿಬ್ಬಂದಿಯೊಬ್ಬಳು ಹೊರಕ್ಕೆ ಸೆಳೆಯಲ್ಪಟ್ಟ ಕ್ಷಣ ಎಲ್ಲ ಸದ್ದೂ ನಿಂತುಬಿಡುತ್ತದೆ. ಗಾಳಿಯಿಲ್ಲದೆಡೆ ಶಬ್ದವಿಲ್ಲ ಎಂಬ ಪಾಠವನ್ನು ಅಷ್ಟು ಚೆನ್ನಾಗಿ ತೋರಿಸಿದ ಚಿತ್ರಗಳು ಕಡಿಮೆ. ಎಂಟರ್‌ಪ್ರೈಸ್ ನೌಕೆ ಶನಿಯ ಉಪಗ್ರಹ ಟೈಟನ್‌ನ ಮಬ್ಬಿನಿಂದ ಮೇಲೇಳುವ ದೃಶ್ಯವನ್ನು ಸೂಚಿಸಿದವರು ವಿಜ್ಞಾನಿ ಕ್ಯಾರೊಲಿನ್ ಪೋರ್ಕೊ. ಶನಿಯನ್ನು ಸುತ್ತುತ್ತಿದ್ದ ‘ಕ್ಯಾಸಿನಿ’ ನೌಕೆಯ ಛಾಯಾಚಿತ್ರ ತಂಡದ ನಾಯಕಿ ಅವರೇ.

ಖಾನ್ ಎಲ್ಲಿಯವನು?

ನಿಜವಾದ ಸಿಟ್ಟು ಸ್ಫೋಟಿಸಿದ್ದು 2013ರ ಎರಡನೆಯ ಚಿತ್ರ ‘ಇನ್‌ಟು ಡಾರ್ಕ್‌ನೆಸ್’ ಬಂದಾಗ. 1967ರ ಒಂದು ಕಂತಿನಲ್ಲಿ ಬಂದ ಖಾನ್ ನೂನಿಯನ್ ಸಿಂಗ್ ಹಳಬರ ಮೆಚ್ಚಿನ ಖಳನಾಯಕ. ಅವನು ಉತ್ತರ ಭಾರತದವನು, ಬಹುಶಃ ಸಿಖ್ಖನು ಎಂದು ಆ ಕಂತಿನಲ್ಲೇ ಹೇಳಲಾಗಿದೆ. ಆಗ ಪಾತ್ರ ವಹಿಸಿದವರು ಮೆಕ್ಸಿಕೊ ಮೂಲದ ರಿಕಾರ್ಡೊ ಮಾಂಟಲ್‌ಬಾನ್. ಹೊಸ ಚಿತ್ರದಲ್ಲಿ ಖಾನ್ ಆದವರು ಬಿಳಿಯ ಇಂಗ್ಲಿಷ್ ನಟ ಬೆನೆಡಿಕ್ಟ್ ಕಂಬರ್‌ಬ್ಯಾಚ್. ಎಲ್ಲ ಜನಾಂಗಗಳೂ ಸಮಾನ ಎಂದು ಸಾರಿದ ಕಥೆಯಲ್ಲಿ ಭಾರತೀಯನ ಪಾತ್ರಕ್ಕೆ ಭಾರತೀಯ ನಟ ಸಿಗಲಿಲ್ಲವೇ ಎಂಬ ಪ್ರಶ್ನೆ ಎದ್ದಿತು. ಬಿಡುಗಡೆಯವರೆಗೆ ಪಾತ್ರದ ಹೆಸರನ್ನೇ ಮುಚ್ಚಿಟ್ಟದ್ದೂ ಕೆರಳಿಸಿತು. ಮುಚ್ಚಿಡದಿದ್ದರೆ ಚೆನ್ನಾಗಿತ್ತೇನೋ ಎಂದು ಏಬ್ರಮ್ಸ್ ಆಮೇಲೆ ಒಪ್ಪಿಕೊಂಡರು.

ಸರಣಿಯಲ್ಲೇ ಅತಿ ಹೆಚ್ಚು ಹಣ ಗಳಿಸಿದ ಚಿತ್ರ ಇದು. ಆದರೂ ಅದೇ ವರ್ಷ ಲಾಸ್ ವೇಗಸ್‌ನಲ್ಲಿ ಸಮಾವೇಶ ಸೇರಿದ ಅಭಿಮಾನಿಗಳು ಎಲ್ಲ ಚಿತ್ರಗಳಿಗೆ ಶ್ರೇಣಿ ಕೊಟ್ಟಾಗ ಇದನ್ನು ಕಟ್ಟಕಡೆಗೆ ಇಟ್ಟರು! ಗಲ್ಲಾಪೆಟ್ಟಿಗೆಯ ತೀರ್ಪು ಒಂದು, ಅಭಿಮಾನಿಗಳ ತೀರ್ಪು ಇನ್ನೊಂದು. 2016ರ ಮೂರನೆಯ ಚಿತ್ರ ‘ಬಿಯಾಂಡ್’ನಲ್ಲಿ ಹಳೆಯ ಸ್ನೇಹ, ಹಳೆಯ ಕುತೂಹಲ ಮರಳಿವೆ ಎಂದು ಹಲವು ಹಳಬರು ಮೆಚ್ಚಿದರು. ಅದು ಗಳಿಸಿದ್ದು ಮಾತ್ರ ಹಿಂದಿನ ಎರಡಕ್ಕಿಂತ ಕಡಿಮೆ.

ಜಗಳದಿಂದ ಕಲಿಯುವುದೇನು?

ಅಭಿಮಾನ ಅತಿಯಾಗಿ, ಹೊಸ ಪ್ರೇಕ್ಷಕರನ್ನು ‘ನಿಮಗೇನು ಗೊತ್ತು’ ಎಂದು ಹಂಗಿಸಿದವರೂ ಇದ್ದರು. ಅದು ತಪ್ಪು. 2009ರ ಚಿತ್ರ ನೋಡಿದ ಮೇಲೆಯೇ ಹಳೆಯ ಕಂತುಗಳನ್ನು ಹುಡುಕಿ ನೋಡಿದ ಎಳೆಯರೂ ಇದ್ದರು. ಆದರೆ ಬಹುಪಾಲು ಹಳಬರು ಬೇಡಿದ್ದು ಹಳೆಯ ಮುಖಗಳನ್ನಲ್ಲ. ಹೊಡೆದಾಟ, ಓಟಗಳ ನಡುವೆ ಕಳೆದುಹೋಗಬಾರದ ಒಂದು ಗುಣವನ್ನು: ತಿಳಿಯದ್ದನ್ನು ಕಂಡು ಹೆದರದೆ ಪ್ರಶ್ನೆ ಕೇಳುವ ಗುಣ.

ಆ ಗುಣದ ಬೆಲೆ ಏನೆಂಬುದಕ್ಕೆ ನಿದರ್ಶನವಿದೆ. ಹಳೆಯ ಧಾರಾವಾಹಿಯಲ್ಲಿ ಲೆಫ್ಟಿನೆಂಟ್ ಉಹುರಾ ಎಂಬ ಕರಿಯ ಮಹಿಳೆಯ ಪಾತ್ರ ವಹಿಸಿದವರು ನಿಶೆಲ್ ನಿಕೋಲ್ಸ್. ಟಿ.ವಿ. ಮುಂದೆ ಕುಳಿತು ಆ ಪಾತ್ರವನ್ನು ನೋಡುತ್ತಿದ್ದ ಮೇ ಜೆಮಿಸನ್ ಎಂಬ ಬಾಲಕಿ ಮುಂದೆ ವೈದ್ಯೆಯಾದಳು. 1992ರ ಸೆಪ್ಟೆಂಬರ್‌ನಲ್ಲಿ ‘ಎಂಡೆವರ್’ ಶಟಲ್ ಏರಿ, ಅಂತರಿಕ್ಷಕ್ಕೆ ಹೋದ ಮೊದಲ ಆಫ್ರಿಕನ್-ಅಮೆರಿಕನ್ ಮಹಿಳೆ ಎನಿಸಿಕೊಂಡಳು.

ಮಕ್ಕಳು ಇಂಥ ಚಿತ್ರ ನೋಡಿ ಬಂದು ‘ಇದು ನಿಜವಾಗಿ ಸಾಧ್ಯವೇ?’ ಎಂದು ಕೇಳಿದರೆ, ‘ಸಿನಿಮಾ ಸಾಕು, ಓದಿಕೋ ಹೋಗು’ ಎಂದು ಗದರುವ ಮುನ್ನ ತಂದೆ ತಾಯಿಯರು ಒಂದು ಗಳಿಗೆ ತಾಳಿದರೆ ಒಳ್ಳೆಯದು. ಒಂದು ಗೋಲಿಯನ್ನು ಅಂಗೈಯಲ್ಲಿಟ್ಟು, ಇಡೀ ಭೂಮಿ ಇಷ್ಟಾಗಬೇಕು ಎಂದು ತೋರಿಸಿದರೆ ಸಾಕು, ಓದು ಅಲ್ಲಿಂದಲೇ ಶುರುವಾಗುತ್ತದೆ.