ಪರದೇಶದ ಪಂಕ್ತಿ: ಜರ್ಮನಿಯಲ್ಲಿ ಶಾಕಾಹಾರಿಯ ಊಟ

ಊಟವೆಂಬುದು ಕೇವಲ ಹೊಟ್ಟೆ ತುಂಬುವ ವ್ಯಾಪಾರವಲ್ಲವೆಂಬುದನ್ನು ನಮ್ಮ ಗೃಹಸ್ಥರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಯಾರ ಮನೆಯಲ್ಲಿ ಉಂಡೆವು, ಯಾರೊಡನೆ ಕುಳಿತು ಉಂಡೆವು ಎಂಬುದರಿಂದಲೇ ನಂಟು ಬೆಳೆಯುವುದು. ಉಣ್ಣಲೊಲ್ಲೆನೆಂದು ಎದ್ದುಹೋದಲ್ಲಿ ನಂಟು ಸಡಿಲುವುದು. ಹೀಗಿರುವಾಗ, ಹುಟ್ಟಿದಂದಿನಿಂದ ಮಾಂಸವನ್ನು ಮುಟ್ಟದ ಮನೆತನದ ಹುಡುಗನೋ ಹುಡುಗಿಯೋ ಜರ್ಮನಿಯಂಥ ದೇಶಕ್ಕೆ ವಿದ್ಯಾಭ್ಯಾಸಕ್ಕೆಂದು ಹೊರಟರೆ, ಮನೆಯ ಹಿರಿಯರು ಕೇಳುವ ಮೊದಲನೆಯ ಪ್ರಶ್ನೆಯು ಪಾಠದ ವಿಷಯವಾಗಿರುವುದಿಲ್ಲ; "ಅಲ್ಲಿ ಊಟಕ್ಕೇನು ಮಾಡುವೆ?" ಎಂಬುದೇ ಆಗಿರುತ್ತದೆ. ೨೦೨೩-೨೪ರ ಚಳಿಗಾಲದ ಅವಧಿಯಲ್ಲಿ ಜರ್ಮನಿಯ ವಿದ್ಯಾಪೀಠಗಳಲ್ಲಿ ಓದುತ್ತಿದ್ದ ಭಾರತೀಯರ ಸಂಖ್ಯೆ ಸುಮಾರು ೪೯,೦೦೦. ಪರದೇಶಗಳಿಂದ ಬಂದ ವಿದ್ಯಾರ್ಥಿಗಳಲ್ಲಿ ನಮ್ಮವರದೇ ಅತಿ ದೊಡ್ಡ ಗುಂಪು. ಆದಕಾರಣ ಈ ಪ್ರಶ್ನೆಯು ಇಂದು ಒಂದೆರಡು ಮನೆಗಳ ಪ್ರಶ್ನೆಯಾಗಿ ಉಳಿದಿಲ್ಲ.

ಅಲ್ಲಿಗೆ ಹೋದ ನಮ್ಮವರಲ್ಲಿ ಎರಡು ಬಗೆಯವರನ್ನು ನಾವು ಕಂಡಿದ್ದೇವೆ. ಸಂಗಡಿಗರ ಮುಂದೆ ಬೇರೆಯಾಗಿ ಕಾಣುವುದಕ್ಕೆ ನಾಚಿ, ಮನಸ್ಸಿಲ್ಲದ ಮನಸ್ಸಿನಿಂದ ನಿಯಮವನ್ನು ಬಿಟ್ಟವರು ಒಂದು ಬಗೆ. ನಿಯಮ ಕೆಟ್ಟೀತೆಂದು ಹೆದರಿ, ಕರೆದ ಮನೆಗೂ ಹೋಗದೆ, ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಅನ್ನ ಬೇಯಿಸಿ ಉಂಡವರು ಇನ್ನೊಂದು ಬಗೆ. ಮೊದಲನೆಯವರಿಗೆ ಮನಸ್ಸಿನ ನೆಮ್ಮದಿ ಹೋಯಿತು. ಎರಡನೆಯವರಿಗೆ ಮನುಷ್ಯರ ಒಡನಾಟವೇ ತಪ್ಪಿತು. ದೀರ್ಘವಾದ ಆ ಚಳಿಗಾಲದಲ್ಲಿ, ಸಂಜೆ ನಾಲ್ಕಕ್ಕೇ ಕತ್ತಲಾಗುವ ಊರಿನಲ್ಲಿ, ಒಂಟಿಯಾಗಿ ಉಣ್ಣುವುದು ಸಣ್ಣ ಕಷ್ಟವಲ್ಲ. ನಿಯಮವನ್ನೂ ಸ್ನೇಹವನ್ನೂ ಒಟ್ಟಿಗೆ ಉಳಿಸಿಕೊಳ್ಳುವುದು ಸಾಧ್ಯವೆಂಬುದೇ ನಮ್ಮ ಅಭಿಪ್ರಾಯ.

ಜರ್ಮನಿಯೆಂದರೆ ಮಾಂಸ ಮತ್ತು ಬಿಯರಿನ ದೇಶವೆಂದು ನಮ್ಮಲ್ಲಿ ಅನೇಕರು ತಿಳಿದಿರುವರು. ಅದು ಅರ್ಧ ಸತ್ಯವು. ಶಾಕಾಹಾರದ ವಿಚಾರವು ಆ ದೇಶಕ್ಕೆ ನಮ್ಮ ವಿದ್ಯಾರ್ಥಿಗಳು ಹೊತ್ತುಕೊಂಡು ಹೋದ ಹೊಸ ಸರಕಲ್ಲ. ಗುಸ್ತಾಫ್ ಸ್ಟ್ರೂವೆ ಎಂಬ ರಾಜಕೀಯ ಪುರುಷನು ೧೮೩೩ರಲ್ಲಿಯೇ, ಯುರೋಪಿನ ಮಾಂಸಾಹಾರವನ್ನು ಒಬ್ಬ ಭಾರತೀಯನ ಕಣ್ಣಿನಿಂದ ನೋಡಿ ವಿಮರ್ಶಿಸುವ ಒಂದು ಕಾದಂಬರಿಯನ್ನು ಬರೆದನು. ೧೮೬೭ರಲ್ಲಿ ಎಡುವಾರ್ಡ್ ಬಾಲ್ಟ್ಸರ್ ಎಂಬವರು ನೋರ್ಡ್‌ಹೌಸೆನ್ ಎಂಬ ಊರಿನಲ್ಲಿ ಆ ದೇಶದ ಮೊದಲನೆಯ ಶಾಕಾಹಾರ ಸಂಘವನ್ನು ಕಟ್ಟಿದರು. ಮರುವರ್ಷ ಸ್ಟುಟ್‌ಗಾರ್ಟಿನಲ್ಲಿ ಸ್ಟ್ರೂವೆಯು ಇನ್ನೊಂದನ್ನು ಕಟ್ಟಿದನು. ೧೮೯೨ರಲ್ಲಿ ಲೈಪ್‌ಜಿಗ್ ನಗರದಲ್ಲಿ ಸಂಘಗಳು ಕೂಡಿ ಅಖಿಲ ಜರ್ಮನಿಯ ಒಕ್ಕೂಟವಾಯಿತು. ಮರುವರ್ಷ ಬರ್ಲಿನ್ನಿಗೆ ಸಮೀಪದ ಓರಾನಿಯನ್‌ಬುರ್ಗ್ ಎಂಬಲ್ಲಿ ಕೆಲವು ಶಾಕಾಹಾರಿಗಳು ಸೇರಿ 'ಏಡನ್' ಎಂಬ ಹಣ್ಣಿನ ತೋಟಗಳ ವಸಾಹತನ್ನು ಸ್ಥಾಪಿಸಿದರು. ಅದು ಇಂದಿಗೂ ಉಂಟು. ಧಾನ್ಯ, ಹಣ್ಣಿನ ರಸ, ಕಾಯಿಬೀಜಗಳ ಬೆಣ್ಣೆ ಮೊದಲಾದವನ್ನು ಮಾರುವ 'ರಿಫಾರ್ಮ್‌ಹೌಸ್' ಎಂಬ ಅಂಗಡಿಗಳೂ ಆ ಕಾಲದ ಚಳುವಳಿಯ ಫಲವೇ. ೧೯೦೦ರಿಂದ ಬಳಕೆಗೆ ಬಂದ ಆ ಹೆಸರಿನ ಅಂಗಡಿಗಳು ಇಂದಿಗೂ ಜರ್ಮನಿಯ ಪೇಟೆಬೀದಿಗಳಲ್ಲಿ ಕಾಣುವುವು.

ವಿನೋದದ ಸಂಗತಿಯೊಂದುಂಟು. ಮುಂದೆ ಪಶ್ಚಿಮ ಜರ್ಮನಿಯ ಮೊದಲನೆಯ ಪ್ರಧಾನಿಯಾದ ಕೊನ್ರಾಡ್ ಆಡೆನೌವರ್ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಲೋನ್ ನಗರದ ಮೇಯರರಾಗಿದ್ದರು. ಮಾಂಸವು ದುರ್ಲಭವಾಗಿದ್ದ ಆ ದಿನಗಳಲ್ಲಿ ಅವರು ಸೋಯಾ ಹಿಟ್ಟಿನಿಂದ ಸಾಸೇಜು ಮಾಡುವ ವಿಧಾನವನ್ನು ಕಂಡುಹಿಡಿದರು. ಸ್ವದೇಶದಲ್ಲಿ ಅದಕ್ಕೆ ಪೇಟೆಂಟು ದೊರೆಯಲಿಲ್ಲ. ಶತ್ರುದೇಶವಾದ ಬ್ರಿಟನ್ನು ೧೯೧೮ರಲ್ಲಿ ಕೊಟ್ಟಿತು! ಇಂದು ಆ ದೇಶದ ಪ್ರತಿಯೊಂದು ದೊಡ್ಡ ಅಂಗಡಿಯಲ್ಲಿಯೂ ಸೋಯಾ ಮತ್ತು ಬಟಾಣಿಯ ಸಾಸೇಜುಗಳ ಸಾಲೇ ಇರುತ್ತದೆ.

ಈಗಿನ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳುವುದಾದರೆ, ತಲೆಯೊಂದಕ್ಕೆ ವರ್ಷಕ್ಕೆ ೨೦೧೮ರಲ್ಲಿ ಸುಮಾರು ೬೦ ಕಿಲೋದಷ್ಟಿದ್ದ ಮಾಂಸದ ಬಳಕೆಯು ೨೦೨೩ರಲ್ಲಿ ಸುಮಾರು ೫೨ ಕಿಲೋಗೆ ಇಳಿಯಿತು. ೨೦೨೪ರಲ್ಲಿ ಜರ್ಮನ್ ಪೋಷಣ ಸಂಘವು ಆಹಾರದಲ್ಲಿ ಮುಕ್ಕಾಲು ಪಾಲಾದರೂ ಸಸ್ಯಜನ್ಯವಾಗಿರಬೇಕೆಂದೂ, ಮಾಂಸವು ವಾರಕ್ಕೆ ೩೦೦ ಗ್ರಾಮನ್ನು ಮೀರಬಾರದೆಂದೂ ಸಲಹೆ ಮಾಡಿತು. ಬರ್ಲಿನ್ನಿನ ಫ್ರೀ ವಿಶ್ವವಿದ್ಯಾನಿಲಯದಲ್ಲಿ ೨೦೧೦ರಿಂದ ಕೇವಲ ಶಾಕಾಹಾರದ ವಿದ್ಯಾರ್ಥಿ ಭೋಜನಶಾಲೆಯೊಂದು ನಡೆಯತೊಡಗಿತು. ಹಾಗೆಂದು ಎಲ್ಲವೂ ಸುಗಮವೆನ್ನಲಾಗದು. ೨೦೧೩ರ ಚುನಾವಣೆಯಲ್ಲಿ ಹಸಿರು ಪಕ್ಷದವರು ಭೋಜನಶಾಲೆಗಳಲ್ಲಿ ವಾರಕ್ಕೊಂದು ದಿನ ಮಾಂಸವಿಲ್ಲದಿರಲೆಂದು ಸೂಚಿಸಿದಾಗ ದೊಡ್ಡ ಗದ್ದಲವೇ ಎದ್ದಿತು. ತನ್ನ ತಟ್ಟೆಯ ವಿಷಯದಲ್ಲಿ ಇನ್ನೊಬ್ಬರು ಉಪದೇಶ ಮಾಡುವುದನ್ನು ಯಾವ ದೇಶದವನೂ ಸಹಿಸನು. ಶಾಕಾಹಾರಿಯಾದ ಅತಿಥಿಯು ಈ ಮಾತನ್ನು ಚೆನ್ನಾಗಿ ನೆನಪಿಡಬೇಕು.

ಇನ್ನು ಎಚ್ಚರಿಕೆಯ ಮಾತುಗಳು. ಮೊದಲನೆಯದು ಶಬ್ದದ ವಿಷಯ. ಜರ್ಮನರು 'ವೆಗೆಟಾರಿಶ್' ಎಂದರೆ ಅದರಲ್ಲಿ ಮೊಟ್ಟೆಯು ಸೇರಿರಬಹುದು. ನಮ್ಮಲ್ಲಿ ಹಸಿರು ಚುಕ್ಕೆಯ ಗುರುತಿಗೆ ಇರುವ ಅರ್ಥವು ಆ ಶಬ್ದಕ್ಕಿಲ್ಲ. 'ವೆಗಾನ್' ಎಂದಿದ್ದರೆ ಮೊಟ್ಟೆಯೂ ಇಲ್ಲ, ಹಾಲುತುಪ್ಪಗಳೂ ಇಲ್ಲ. ಮೊಟ್ಟೆ ತಿನ್ನದವರು ಅನುಮಾನವಿದ್ದಲ್ಲಿ ಈ ಎರಡನೆಯದನ್ನೇ ಹಿಡಿಯುವುದು ಕ್ಷೇಮ. ಪೊಟ್ಟಣಗಳ ಮೇಲೆ ಮೊಟ್ಟೆಯ ಹೆಸರನ್ನು ಉಳಿದ ಅಕ್ಷರಗಳಿಂದ ಬೇರೆಯಾಗಿ ಎದ್ದುಕಾಣುವಂತೆ ಅಚ್ಚು ಮಾಡಬೇಕೆಂಬ ಕಾನೂನುಂಟು. 'ಐ' ಎಂದರೆ ಮೊಟ್ಟೆ, 'ಮಿಲ್ಶ್' ಎಂದರೆ ಹಾಲು.

ಎರಡನೆಯದು ಕಣ್ಣಿಗೆ ಕಾಣದ ಮಾಂಸ. ತರಕಾರಿಯ ಸೂಪೆಂದು ಬಡಿಸಿದ್ದನ್ನು ಮಾಂಸ ಬೇಯಿಸಿದ ಕಟ್ಟಿನಿಂದ ಮಾಡಿರಬಹುದು. ದಕ್ಷಿಣ ಸೀಮೆಯ ಆಲೂಗಡ್ಡೆಯ ಕೋಸಂಬರಿಗೆ ಇಂಥ ಕಟ್ಟನ್ನೇ ಸುರಿಯುವ ರೂಢಿ; ಉತ್ತರದಲ್ಲಿ ಅದಕ್ಕೆ ಮೊಟ್ಟೆಯ ಮೇಯನೇಸು. ಹುಳಿ ಬರಿಸಿದ ಎಲೆಕೋಸಿಗೂ ಕೆಂಪುಕೋಸಿಗೂ ಹಂದಿಯ ಕೊಬ್ಬಿನ ಒಗ್ಗರಣೆ ಬೀಳುವುದುಂಟು. 'ಶ್ಮಾಲ್ಟ್ಸ್' ಎಂದರೆ ಸಾಮಾನ್ಯವಾಗಿ ಹಂದಿಯ ಕೊಬ್ಬು. ಆದರೆ 'ಬುಟ್ಟರ್‌ಶ್ಮಾಲ್ಟ್ಸ್' ಎಂದರೆ ನಮ್ಮ ತುಪ್ಪವೇ! ಒಂದು ಶಬ್ದದ ಅಂತರದಲ್ಲಿ ಎಷ್ಟು ದೂರ ನೋಡಿರಿ. ಮಕ್ಕಳು ಆಸೆಪಡುವ ಅಂಟುಮಿಠಾಯಿಗಳಲ್ಲಿಯೂ ಕೆಲವು ಕೆನೆಯ ಕೇಕುಗಳಲ್ಲಿಯೂ ಜೆಲಟಿನ್ ಇರುತ್ತದೆ. ಚೀಸುಗಳಲ್ಲಿ ಹಲವನ್ನು ಕರುವಿನ ಜಠರದಿಂದ ತೆಗೆದ ಸತ್ತ್ವದಿಂದ ಹಾಲನ್ನು ಒಡೆಯಿಸಿ ಮಾಡುವರು. ಪಾರ್ಮಿಜಾನೋ ರೆಜಾನೋ ಚೀಸಿಗಂತೂ ಅದೇ ವಿಧಿ. ಸ್ವಾಬಿಯ ಪ್ರಾಂತದಲ್ಲಿ 'ಮೌಲ್ಟಾಶೆನ್' ಎಂಬ ಕಡುಬುಗಳುಂಟು. ಉಪವಾಸದ ದಿನಗಳಲ್ಲಿ ದೇವರ ಕಣ್ಣಿಗೆ ಬೀಳದಿರಲೆಂದು ಮಾಂಸವನ್ನು ಕಣಕದೊಳಗೆ ಅಡಗಿಸಿದರೆಂದು ಅಲ್ಲಿನವರೇ ನಗುತ್ತ ಹೇಳುವರು. ದೇವರನ್ನೇ ವಂಚಿಸಲು ಹೊರಟ ಕಡುಬು ಪರದೇಶಿಯನ್ನು ವಂಚಿಸದೆ ಬಿಟ್ಟೀತೆ?

ಇಷ್ಟನ್ನು ಓದಿ ಗೃಹಿಣಿಯರು ಎದೆಗುಂದಬೇಕಾಗಿಲ್ಲ. ತಿನ್ನತಕ್ಕ ಪದಾರ್ಥಗಳು ಬೇಕಾದಷ್ಟಿವೆ. ಮುಖ್ಯವಾದುದು ಅವರ ಬ್ರೆಡ್ಡು. ರೈ ಎಂಬ ಧಾನ್ಯದಿಂದಲೂ ಗೋದಿಯಿಂದಲೂ ಹುಳಿಹಿಟ್ಟು ಕಲಸಿ ಮಾಡುವ ಕಪ್ಪನೆಯ, ಗಟ್ಟಿಯಾದ ಆ ಬ್ರೆಡ್ಡಿನ ಬಗೆಗಳನ್ನು ಎಣಿಸುವುದೇ ಕಷ್ಟ. ೨೦೧೪ರಲ್ಲಿ ಜರ್ಮನಿಯು ಅದನ್ನು ತನ್ನ ಸಾಂಸ್ಕೃತಿಕ ಪರಂಪರೆಗಳ ಪಟ್ಟಿಗೆ ಸೇರಿಸಿತು. ರಾತ್ರಿಯ ಊಟಕ್ಕೆ 'ಆಬೆಂಡ್‌ಬ್ರೋಟ್', ಅಂದರೆ 'ಸಂಜೆಯ ಬ್ರೆಡ್ಡು' ಎಂದೇ ಹೆಸರು. ಬೆಣ್ಣೆ, ಚೀಸು, ಮೂಲಂಗಿ, ಉಪ್ಪುನೀರಿನ ಸೌತೆಕಾಯಿಗಳನ್ನು ಮೇಜಿನ ನಡುವೆ ಇಟ್ಟು ತಮತಮಗೆ ಬೇಕಾದುದನ್ನು ತೆಗೆದುಕೊಳ್ಳುವರು. ಪಕ್ಕದವನು ಮಾಂಸದ ಹೋಳನ್ನು ಇಟ್ಟುಕೊಂಡರೆ ನಮ್ಮವನು ಚೀಸನ್ನು ಇಟ್ಟುಕೊಳ್ಳುವನು; ಯಾರಿಗೂ ತೊಂದರೆಯಿಲ್ಲ. ನೀರು ಬಸಿದ ಮೊಸರಿನಂಥ 'ಕ್ವಾರ್ಕ್' ಎಂಬುದನ್ನು ಬೇಯಿಸಿದ ಆಲೂಗಡ್ಡೆ ಮತ್ತು ಅಗಸೆ ಎಣ್ಣೆಯೊಡನೆ ತಿನ್ನುವುದು ಪೂರ್ವದ ಲೌಸಿಟ್ಸ್ ಸೀಮೆಯ ರೂಢಿ. ಆಲೂಗಡ್ಡೆಯನ್ನು ತುರಿದು ಕಾವಲಿಯ ಮೇಲೆ ಹುಯ್ದ ದೋಸೆಗಳನ್ನು ಬೇಯಿಸಿದ ಸೇಬಿನ ಗೊಜ್ಜಿನೊಡನೆ ಕೊಡುವರು. ಆದರೆ ಹಿಟ್ಟಿಗೆ ಮೊಟ್ಟೆ ಹಾಕುವುದು ವಾಡಿಕೆಯಾದುದರಿಂದ ಕೇಳಿ ತಿನ್ನತಕ್ಕದ್ದು. ಫ್ರಾಂಕ್‌ಫರ್ಟಿನ ಹಸಿರು ಸಾಸಿನಲ್ಲಿ ಏಳು ಬಗೆಯ ಸೊಪ್ಪುಗಳು ಬೀಳಬೇಕು. ಈಸ್ಟರಿನ ಹಿಂದಿನ ಗುರುವಾರ ಅದನ್ನು ಉಣ್ಣುವುದು ಅಲ್ಲಿನ ಸಂಪ್ರದಾಯ. ವಸಂತದಲ್ಲಿ ನಮ್ಮ ಶತಾವರಿಯ ಜಾತಿಗೆ ಸೇರಿದ ಬಿಳಿಯ 'ಶ್ಪಾರ್ಗೆಲ್' ದಂಟುಗಳು ಬಂದವೆಂದರೆ ಊರೆಲ್ಲ ಸಂಭ್ರಮ. ಜೂನ್ ೨೪ಕ್ಕೆ ಆ ಸುಗ್ಗಿ ಮುಗಿಯುವುದು. ಸ್ವಾಬಿಯದವರು ಬೇಳೆಕಾಳಿನ ಪ್ರಿಯರು. ಅವರ ಬೆಟ್ಟದ ನಾಡಿನ ಹಳೆಯ ಚನ್ನಂಗಿ ತಳಿಗಳು ಕಳೆದೇಹೋದವೆಂದು ತಿಳಿದಿದ್ದಾಗ, ೨೦೦೬ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನ ಬೀಜಭಂಡಾರದಲ್ಲಿ ಅವು ಸಿಕ್ಕಿ, ಈಗ ಮತ್ತೆ ಅಲ್ಲಿಯ ಹೊಲಗಳಲ್ಲಿ ಬೆಳೆಯುತ್ತಿವೆ.

ಈಗ ಸ್ನೇಹಿತರೊಡನೆ ಉಣ್ಣುವ ಪ್ರಸ್ತಾಪಕ್ಕೆ ಬರೋಣ. ನಮ್ಮ ಪರಿಚಯದ ತರುಣನೊಬ್ಬನನ್ನು ಅವನ ಸಹಪಾಠಿಯ ತಾಯಿಯು ಊಟಕ್ಕೆ ಕರೆದಿದ್ದಳು. ಅವನು ಮಾಂಸ ತಿನ್ನನೆಂದು ಕೇಳಿ, ಆಕೆಯು ಮಧ್ಯಾಹ್ನವೆಲ್ಲ ಒಲೆಯ ಮುಂದೆ ನಿಂತು ತರಕಾರಿಯ ಸೂಪು ಮಾಡಿದ್ದಳು. ಮೊದಲನೆಯ ಚಮಚವನ್ನು ಎತ್ತುವ ಮುನ್ನ ಅವನು ಮೆಲ್ಲನೆ ಕೇಳಿದನು. ಕಟ್ಟು ಹಸುವಿನ ಎಲುಬಿನದು. "ಆದರೆ ಮಾಂಸದ ಒಂದು ತುಂಡೂ ಅದರಲ್ಲಿಲ್ಲವಲ್ಲ!" ಎಂದು ಆಕೆಯು ಮುಖ ಬಾಡಿಸಿಕೊಂಡಳು. ಅವನು ಚಮಚವನ್ನು ಕೆಳಗಿಟ್ಟು, "ಅಮ್ಮಾ, ನಿಮ್ಮ ಶ್ರಮವನ್ನು ನಾನು ಕಾಣೆನೆನ್ನಬೇಡಿರಿ. ನಮ್ಮ ಮನೆಯಲ್ಲಿ ಕಟ್ಟೂ ಮಾಂಸವೇ. ಬ್ರೆಡ್ಡೂ ಬೆಣ್ಣೆಯೂ ನನಗೆ ಧಾರಾಳವಾಗಿ ಸಾಕು, ಬರುವ ಭಾನುವಾರ ನಾನು ಬಂದು ನಿಮಗೆ ಸಾರು ಮಾಡಿ ಬಡಿಸುವೆನು" ಎಂದನು. ಹಾಗೆಯೇ ಮಾಡಿದನು. ಅಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಬೇಳೆ, ಟೊಮೇಟೊಗಳನ್ನು ಕೊಂಡಿಟ್ಟುಕೊಂಡಿದ್ದನು. ಮೆಣಸಿನಕಾಯಿಯನ್ನು ಅರ್ಧಕ್ಕಿಳಿಸಿದ ಆ ಸಾರನ್ನು ಮನೆಯವರೆಲ್ಲ ಎರಡು ಸಲ ಹಾಕಿಸಿಕೊಂಡರಂತೆ. ಆ ಮನೆಯ ಒಲೆಯ ಮೇಲೆ ಅವನಿಗಾಗಿ ಎಲುಬಿನ ಕಟ್ಟು ಮತ್ತೆ ಕುದಿಯಲಿಲ್ಲ.

ಈ ಸಂಗತಿಯಲ್ಲಿ ನಮ್ಮವರು ಕಲಿಯಬೇಕಾದ ನಡತೆಯೆಲ್ಲವೂ ಅಡಕವಾಗಿದೆ. ಕರೆಯನ್ನು ಒಪ್ಪಿಕೊಂಡ ದಿನವೇ ತನ್ನ ನಿಯಮವನ್ನು ಬಿಚ್ಚಿ ಹೇಳತಕ್ಕದ್ದು. "ಇಶ್ ಎಸ್ಸೆ ಕೈನ್ ಫ್ಲೈಶ್, ಕೈನೆನ್ ಫಿಶ್ ಉಂಟ್ ಕೈನೆ ಐಯರ್" (ನಾನು ಮಾಂಸ, ಮೀನು, ಮೊಟ್ಟೆಗಳನ್ನು ತಿನ್ನುವುದಿಲ್ಲ) ಎಂಬ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಂಡರೆ ಸಾಕು. ಜರ್ಮನರು ನೇರವಾದ ಮಾತನ್ನು ಮೆಚ್ಚುವರು. ಸಂಕೋಚದಿಂದ ಸುಮ್ಮನಿದ್ದು ಊಟದ ಹೊತ್ತಿಗೆ ತಟ್ಟೆಯನ್ನು ಸರಿಸಿದರೆ ಮಾತ್ರ ಮನೆಯೊಡತಿಗೆ ನೋವಾಗುವುದು. ಬರಿಗೈಯಲ್ಲಿ ಹೋಗದೆ, ಚಿತ್ರಾನ್ನವನ್ನೋ ಪಲ್ಯವನ್ನೋ ಎಲ್ಲರಿಗೂ ಆಗುವಷ್ಟು ಒಯ್ಯುವುದು ಒಳ್ಳೆಯದು. ಏನನ್ನು ತರಲೆಂದು ಮೊದಲೇ ಕೇಳುವುದು ಅಲ್ಲಿಯೂ ಮರ್ಯಾದೆಯೇ. ತಟ್ಟೆಯಲ್ಲಿ ಉಳಿಸುವುದನ್ನು ಅವರು ಮೆಚ್ಚರು. ಆದುದರಿಂದ ಮೊದಲು ಸ್ವಲ್ಪವೇ ಹಾಕಿಸಿಕೊಳ್ಳಬೇಕು. ಹೋಟೆಲಿನಲ್ಲಿ ತಮತಮಗೆ ಬೇಕಾದುದನ್ನು ತರಿಸಿಕೊಂಡು ತಮತಮಗೆ ಹಣ ಕೊಡುವ ರೂಢಿಯುಂಟು. ಅದನ್ನು ಜಿಪುಣತನವೆಂದು ಭಾವಿಸಲಾಗದು.

ಬೇಸಿಗೆಯಲ್ಲಿ ತೋಟದಲ್ಲಿ ಕೆಂಡದ ಮೇಲೆ ಸುಡುವ ಊಟವು ಅವರಿಗೆ ಬಲು ಪ್ರಿಯ. ಅಲ್ಲಿ ಒಂದೇ ಕಂಬಿ, ಒಂದೇ ಇಕ್ಕಳ. ಬದನೆಕಾಯಿ, ಮುಸುಕಿನ ಜೋಳಗಳನ್ನು ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ ಒಂದು ಮೂಲೆಯಲ್ಲಿ ಇಡಲು ಕೇಳಿದರೆ ಯಾರೂ ಬೇಡವೆನ್ನರು. ವರ್ಷದ ಕೊನೆಯ ರಾತ್ರಿ ಅನೇಕ ಮನೆಗಳಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ 'ರಾಕ್ಲೆಟ್' ಎಂಬ ಊಟ ನಡೆಯುವುದು. ಮೇಜಿನ ನಡುವೆ ವಿದ್ಯುತ್ತಿನ ಒಲೆ. ಒಬ್ಬೊಬ್ಬರಿಗೂ ಅಂಗೈಯಗಲದ ಒಂದೊಂದು ಬಾಣಲೆ. ಅದರಲ್ಲಿ ತಮಗೆ ಬೇಕಾದ ತರಕಾರಿಯನ್ನಿಟ್ಟು, ಮೇಲೆ ಚೀಸನ್ನು ಕರಗಿಸಿಕೊಂಡು, ಆಲೂಗಡ್ಡೆಯೊಡನೆ ಗಂಟೆಗಟ್ಟಲೆ ಮಾತಾಡುತ್ತ ತಿನ್ನುವರು. ಬಾಣಲೆ ಬೇರೆ, ಮೇಜು ಒಂದೇ! ನಮ್ಮ ಶಾಕಾಹಾರಿಗೆ ಇದಕ್ಕಿಂತ ಅನುಕೂಲವಾದ ಔತಣವನ್ನು ನಾವು ಕಾಣೆವು.

ಮಾಂಸವಿರುವ ಮೇಜಿನಲ್ಲಿ ಕುಳಿತುಕೊಳ್ಳಬಹುದೇ ಎಂಬ ಪ್ರಶ್ನೆಯೊಂದು ಉಳಿಯುತ್ತದೆ. ಇದರಲ್ಲಿ ಎಲ್ಲರಿಗೂ ಒಂದೇ ಕಟ್ಟಳೆ ಹಾಕಲಾಗದು. ಕೆಲವರಿಗೆ ವಾಸನೆಯೇ ಅಸಹ್ಯವಾಗುವುದು. ಅಂಥವರು ಹಾಗೆಂದು ಹೇಳಿ, ನಾಲ್ಕು ಗಂಟೆಯ ಕಾಫಿಗೆ ಬರುವೆನೆಂದರೆ ಯಾರೂ ಬೇಸರಿಸರು. ಭಾನುವಾರದ ಕಾಫಿಯು ಅಲ್ಲಿ ಊಟದಷ್ಟೇ ಗೌರವದ್ದು. ಕುಳಿತುಕೊಳ್ಳಬಲ್ಲವರು ತಮ್ಮ ತಟ್ಟೆಯನ್ನು ತಾವು ಕಾಯ್ದುಕೊಂಡು, ಪಕ್ಕದವರ ತಟ್ಟೆಯನ್ನು ಅವರಿಗೆ ಬಿಡುವುದೇ ಸರಿಯೆಂದು ನಮಗೆ ತೋರುತ್ತದೆ. ಉಪದೇಶದಿಂದ ಆಗದ ಕಾರ್ಯವು ಒಂದು ಬೋಗುಣಿ ಸಾರಿನಿಂದ ಆದುದುಂಟು.

ಆದುದರಿಂದ ಮಕ್ಕಳನ್ನು ಕಳುಹಿಸುವ ತಾಯಿತಂದೆಗಳಿಗೆ ನಮ್ಮ ವಿಜ್ಞಾಪನೆಯಿಷ್ಟೆ: ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯನ್ನು ಇಡುವ ಮುನ್ನ, ಮಗಳಿಗೆ ಮಾತ್ರವಲ್ಲದೆ ಮಗನಿಗೂ ನಾಲ್ಕು ಅಡಿಗೆಗಳನ್ನು ಕಲಿಸಿರಿ. ಅನ್ನ, ಸಾರು, ಒಂದು ಪಲ್ಯ, ಒಂದು ಸಿಹಿ ಬಂದರೆ ಸಾಕು. ತನ್ನ ಹೊಟ್ಟೆಗೂ ಆಯಿತು, ನಾಲ್ಕು ಜನರನ್ನು ಕರೆದು ಕೂರಿಸಲೂ ಆಯಿತು. ಬಡಿಸುವ ಕೈಗೆ ಯಾವ ದೇಶದಲ್ಲಿಯೂ ಪಂಕ್ತಿಯು ತಪ್ಪುವುದಿಲ್ಲ.