ಹೆಗಲಿನ ಕೀಲು ಒರಳೇ?

ಕನ್ನಡದಲ್ಲಿ ಹೆಗಲಿಗೆ ‘ಭುಜ’ವೆಂಬ ಹೆಸರು ರೂಢಿಯಾಗಿದೆ. ಸಂಸ್ಕೃತದಲ್ಲಿಯಾದರೋ ಭುಜವೆಂದರೆ ತೋಳು. ಚತುರ್ಭುಜನೆಂಬುದಕ್ಕೆ ನಾಲ್ಕು ಹೆಗಲುಳ್ಳವನೆಂದು ಯಾರೂ ಅರ್ಥಮಾಡುವುದಿಲ್ಲ. ಅಮರಕೋಶವು ಹೆಗಲಿಗೆ ಸ್ಕಂಧ, ಭುಜಶಿರಸ್ಸು, ಅಂಸ ಎಂಬ ಪದಗಳನ್ನು ಕೊಡುತ್ತದೆ. ಹೆಸರಿನ ಈ ಸಡಿಲದಿಂದ ಕಾವ್ಯಕ್ಕೆ ಬಾಧಕವೇನೂ ಇಲ್ಲ. ಶಾರೀರಶಾಸ್ತ್ರವನ್ನು ಕನ್ನಡದಲ್ಲಿ ಬರೆಯಹೊರಟವರಿಗೆ ಮಾತ್ರ ತೊಡಕು. ಕೀಲಿನ ಹೆಸರಿನಲ್ಲಿ ಆ ತೊಡಕು ಇನ್ನೂ ಹೆಚ್ಚು.

ಸುಶ್ರುತಸಂಹಿತೆಯ ಶಾರೀರಸ್ಥಾನವು ಸಂಧಿಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ಕಂಕುಳು ಮತ್ತು ತೊಡೆಸಂದುಗಳ ಸಂಧಿಗಳನ್ನು ಹಲ್ಲುಗಳೊಡನೆ ‘ಉಲೂಖಲ’, ಎಂದರೆ ಒರಳು, ಎಂಬ ಒಂದೇ ವರ್ಗಕ್ಕೆ ಸೇರಿಸುತ್ತದೆ. ಅಂಸಪೀಠವನ್ನು ಬೇರೆಯಾಗಿ ಎಣಿಸುತ್ತದೆ. ಇಂದಿನ ಪಾಠಗಳೂ ಚೆಂಡು-ಗುಳಿಯ ಕೀಲೆಂದು ಹೆಗಲನ್ನೂ ಸೊಂಟವನ್ನೂ ಜೊತೆಯಾಗಿಯೇ ಹೇಳುತ್ತವೆ. ಸೊಂಟಕ್ಕೆ ಈ ಹೋಲಿಕೆಯು ಒಪ್ಪತಕ್ಕದ್ದು. ತೊಡೆಯೆಲುಬಿನ ತಲೆಯು ಅಲ್ಲಿ ಆಳವಾದ ಗುಳಿಯೊಳಗೆ ಹೂತಿರುತ್ತದೆ. ಹೆಗಲಿನಲ್ಲಿ ತೋಳೆಲುಬಿನ ಉರುಟಾದ ತಲೆಗೆ ಎದುರಾಗಿರುವುದು ಹೆಗಲೆಲುಬಿನ ಅಂಚಿನ ಒಂದು ಸಣ್ಣ ತಟ್ಟೆ. ಆ ತಲೆಯ ಮೂರನೆಯ ಒಂದು ಭಾಗವನ್ನು ಮೀರಿ ಅದು ಯಾವಾಗಲೂ ಮುಟ್ಟುವುದಿಲ್ಲ. ತಲೆಯನ್ನು ತಟ್ಟೆಗೆ ಒತ್ತಿ ಹಿಡಿದಿರುವುವು ನಾಲ್ಕು ಮಾಂಸಖಂಡಗಳು: ಮುಂದೆ ಒಂದು, ಮೇಲೆ ಒಂದು, ಹಿಂದೆ ಎರಡು; ಕೆಳಗೆ ಒಂದೂ ಇಲ್ಲ. ಒರಳಿಗೆ ಇಂತಹ ಕಾವಲು ಏಕೆ ಬೇಕು? ದೊಡ್ಡ ಕೀಲುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ತಪ್ಪುವುದು ಇದೇ. ತಪ್ಪಿದ ತಲೆಯು ಬಹುಮಟ್ಟಿಗೆ ಮುಂಗಡೆಗೆ ಜಾರುತ್ತದೆ.

ತಟ್ಟೆಯಾದರೂ ಸ್ಥಿರವಲ್ಲ. ಅದನ್ನು ಹೊತ್ತ ಹೆಗಲೆಲುಬು ಪಕ್ಕೆಲುಬುಗಳ ಹಿಂದೆ ಮಾಂಸಖಂಡಗಳ ನಡುವೆ ಜಾರಾಡುತ್ತಿರುತ್ತದೆ. ಇಡಿಯ ತೋಳು ಮುಂಡದ ಎಲುಬಿನೊಡನೆ ಕೀಲುಗೊಳ್ಳುವುದು ಒಂದೇ ಎಡೆಯಲ್ಲಿ, ಕೊರಳೆಲುಬು ಎದೆಯೆಲುಬನ್ನು ಕೂಡುವಲ್ಲಿ. (ಅಮರಕೋಶವು ಹೆಗಲಿನ ಸಂಧಿಯನ್ನು ಜತ್ರುವೆಂದಿದೆ, ಇತರರು ಕೊರಳೆಲುಬನ್ನೇ ಜತ್ರುವೆನ್ನುವುದುಂಟು.)

ಕೈಯೆತ್ತುವಾಗ ತೋಳೆಲುಬೂ ಹೆಗಲೆಲುಬೂ ಒಟ್ಟಿಗೆ ತಿರುಗುತ್ತವೆ. ಬಾಸ್ಟನ್ನಿನ ಶಸ್ತ್ರವೈದ್ಯ ಕಾಡ್‌ಮನ್ನನು 1934ರ ತನ್ನ ಗ್ರಂಥದಲ್ಲಿ ಇದನ್ನು ಲಯವೆಂದು ಕರೆದನು. 1944ರಲ್ಲಿ ಇನ್‌ಮನ್, ಸಾಂಡರ್ಸ್, ಆಬಟ್ ಎಂಬವರು ಅಳೆದು, ಆರಂಭದ ಘಟ್ಟ ಕಳೆದ ಮೇಲೆ ತೋಳಿನದು ಎರಡು ಪಾಲು, ಹೆಗಲೆಲುಬಿನದು ಒಂದು ಪಾಲು ಎಂದರು. ಸ್ಥೂಲವಾಗಿ 180 ಡಿಗ್ರಿಗಳಲ್ಲಿ 120 ಮತ್ತು 60. ಈ ಪ್ರಮಾಣವು ವ್ಯಕ್ತಿಯಿಂದ ವ್ಯಕ್ತಿಗೂ, ಏರಿಕೆಯ ಘಟ್ಟದಿಂದ ಘಟ್ಟಕ್ಕೂ ಬದಲಾಗುವುದೆಂದು ಮುಂದಿನ ಅಳತೆಗಳಿಂದ ತಿಳಿದುಬಂದಿದೆ.

ವಾಚಕರು ಪತ್ರಿಕೆಯನ್ನು ಕೆಳಗಿಟ್ಟು ಒಂದು ಪರೀಕ್ಷೆಯನ್ನು ಮಾಡಬಹುದು. ಹೆಬ್ಬೆರಳು ನೆಲವನ್ನು ನೋಡುವಂತೆ ತೋಳನ್ನು ಒಳಕ್ಕೆ ತಿರುಚಿ ಪಕ್ಕದಿಂದ ಎತ್ತಿದರೆ, ಹೆಗಲಿನ ಮಟ್ಟದ ಬಳಿಯಲ್ಲಿ ಅದು ಬಿಗಿಯುತ್ತದೆ. ಅಂಗೈಯನ್ನು ಮೇಲ್ಮೊಗವಾಗಿ ತಿರುಗಿಸಿದೊಡನೆ ಕಿವಿಯವರೆಗೂ ಏರುತ್ತದೆ. ತೋಳೆಲುಬಿನ ಹೊರಗಡೆಯ ಗಂಟು ಹೆಗಲೆಲುಬಿನ ಚಾಚಿಗೆ ತಾಗದೆ ಹಿಂದಕ್ಕೆ ಸರಿಯುವುದೇ ಇದಕ್ಕೆ ಕಾರಣ.

ಆದುದರಿಂದ ತೋಳೆಲುಬು ಮತ್ತು ತಟ್ಟೆಗಳ ಸಂಧಿಯನ್ನು ‘ತೋಳ್ಗೀಲು’ ಎಂದೂ, ಹೆಗಲೆಂಬ ಪದವನ್ನು ಈ ಇಡಿಯ ಕೂಟಕ್ಕೂ ಬಳಸಬಹುದೆಂದು ನನಗೆ ತೋರುತ್ತದೆ. ಇದು ಬರಿಯ ಪದದ ಚರ್ಚೆಯಲ್ಲ. ತೋಳ್ಗೀಲು ಪೂರ್ತಿಯಾಗಿ ಬಿಗಿದುಹೋದ ರೋಗಿಯೂ ಹೆಗಲೆಲುಬಿನ ಬಲದಿಂದಲೇ ಕೈಯನ್ನು ಒಂದಿಷ್ಟು ಎತ್ತಬಲ್ಲನು. ನೋಡಿದವರು ಕೀಲು ಆಡುತ್ತಿದೆಯೆಂದು ಭಾವಿಸುತ್ತಾರೆ. ವೈದ್ಯನು ಒಂದು ಕೈಯಿಂದ ಹೆಗಲೆಲುಬನ್ನು ಅದುಮಿ ಹಿಡಿದು ಮತ್ತೊಮ್ಮೆ ಎತ್ತಿಸಿದಾಗ ಮಾತ್ರ, ತೋಳು ಅಲುಗದಿರುವುದು ಗೊತ್ತಾಗುತ್ತದೆ.